ಪ್ಲಾಜಾದ ಕೆಂಪು ಲಾಂದ್ರ

ಅಂಗಡಿಗಳಿಗೆ ಬೋರ್ಡು ಮಾಡಿಕೊಡುವುದು ನನ್ನ ಕಸುಬು. ಮೈಸೂರಿನಲ್ಲಿ ಅಪ್ಪ ತಗಡಿನ ಮೇಲೆ ಬ್ರಷ್ಷಿನಿಂದ ಬರೆಯುತ್ತಿದ್ದರು. ನಾನು ಅಮೆರಿಕದ ಪಾರ್ಸಿಪನಿಯಲ್ಲಿ ಎಲ್‌ಇಡಿ ಅಕ್ಷರ ಕೂರಿಸುತ್ತೇನೆ. ಪಕ್ಕದವನದ್ದಕ್ಕಿಂತ ದೊಡ್ಡದಿರಬೇಕು, ಹೈವೇಯಿಂದ ಕಾಣಬೇಕು. ಕಿರಾಣಿ ಅಂಗಡಿ, ಟ್ಯಾಕ್ಸ್ ಆಫೀಸು, ಹುಬ್ಬು ತಿದ್ದುವ ಪಾರ್ಲರು, ಎಲ್ಲರದೂ ಅದೇ ರಾಗ. ಹೊಟ್ಟೆಪಾಡು, ಮಾಡಿಕೊಡುತ್ತೇನೆ. ಆದರೆ ನಾನೇ ಮಾಡಿದ ಬೋರ್ಡಿನ ಮುಂದೆ ಸುಮ್ಮನೆ ನಿಂತು ನೋಡಿದ ನೆನಪಿಲ್ಲ.

ಹಾಗೆ ನಿಂತು ನೋಡಿದ್ದು ಟೋಕಿಯೋದಲ್ಲಿ. ಊರಿಗೆ ಹೋಗುವಾಗ ವಿಮಾನ ಬದಲಿಸಲು ಅಲ್ಲಿ ಇಳಿದಿದ್ದೆ. ಸಂಜೆ ಕಾಲಾಡಿಸುತ್ತ ಒಂದು ಗಲ್ಲಿಗೆ ಹೊಕ್ಕರೆ ಎರಡೂ ಕಡೆ ಪುಟ್ಟ ಪುಟ್ಟ ಬಾರುಗಳು. ಒಂದೊಂದರ ಮುಂದೆಯೂ ನಮ್ಮ ಆಕಾಶಬುಟ್ಟಿಯ ಹಾಗೆ ಕೆಂಪು ಕಾಗದದ ಲಾಂದ್ರ, ಹೊಗೆ ಹಿಡಿದ ಮರದ ಹಲಗೆ, ಬಾಗಿಲಿಗೆ ಮೊಳದುದ್ದದ ನೀಲಿ ಬಟ್ಟೆ. ಆ ಬಟ್ಟೆಗೆ ನೊರೆನ್ ಅನ್ನುತ್ತಾರೆ. ಅಲ್ಲಿನವರು ತಲೆ ಬಗ್ಗಿಸಿ ಅದರಡಿ ನುಸುಳಿ ಒಳಗೆ ಹೋಗುತ್ತಿದ್ದರು. ಹೊರಗೆ ನಿಂತು ಫೋಟೋ ತೆಗೆಯುತ್ತಿದ್ದವರೆಲ್ಲ ನನ್ನಂಥ ಹೊರಗಿನವರು, ಒಬ್ಬರಿಗೂ ಅಲ್ಲಿನ ಒಂದಕ್ಷರ ಬಾರದು. ಜನ ಓದಲಿ ಎಂದೇ ಜೀವಮಾನವೆಲ್ಲ ದುಡಿದ ನನ್ನನ್ನು ಓದಲಾಗದ ಬೋರ್ಡು ಹಿಡಿದು ನಿಲ್ಲಿಸಿತ್ತು. ಬೆಳಕು ಬಾಗಿಲು ತೋರಿಸುವಷ್ಟೇ ಇತ್ತು. ಬನ್ನಿ ಬನ್ನಿ ಎಂದು ಅದು ಕೂಗುತ್ತಿರಲಿಲ್ಲ. ಒಳಗೆ ಜನ ಇದ್ದಾರೆ ಎಂದಷ್ಟೇ ಹೇಳುತ್ತಿತ್ತು. ಎಂಥ ಕೆಲಸಗಾರರಪ್ಪಾ ಇವರು ಅನ್ನಿಸಿತು.

ಮರಳಿ ಬಂದ ಮೇಲೆ ನೋಡಿದರೆ ನಮ್ಮ ಪಾರ್ಸಿಪನಿಯಲ್ಲೇ ಅಂಥದ್ದೊಂದಿದೆ. ಹೈವೇ ಪಕ್ಕದ ಪ್ಲಾಜಾದಲ್ಲಿ, ಅಂಗಡಿ ಸಾಲಿನ ಮೂಲೆಯಲ್ಲಿ ಒಬ್ಬ ಜಪಾನಿ ಮುದುಕಿಯ ಬಾರು. ಅದೇ ದಾರಿಯಲ್ಲಿ ವರ್ಷಗಟ್ಟಲೆ ಡ್ರೈವ್ ಮಾಡಿದ್ದರೂ ಕಣ್ಣಿಗೆ ಬಿದ್ದಿರಲಿಲ್ಲ. ಆಕೆ ಸಂಜೆ ಲಾಂದ್ರವನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು, ಒರೆಸಿ, ಕೊಕ್ಕೆಗೆ ತಗುಲಿಸುವರು. ಆಮೇಲೆ ಹೆಸರು ಕೊರೆದ ಮರದ ಹಲಗೆ ತೂಗುಹಾಕಿ, ನೊರೆನ್ ಪೋಣಿಸಿದ ಕೋಲನ್ನು ಬಾಗಿಲಿಗೆ ಏರಿಸುವರು. ಮುಚ್ಚುವಾಗ ಮೂರೂ ಒಳಗೆ. ಹೊರಗಿದ್ದರೆ ತೆರೆದಿದೆ, ಒಳಗಿದ್ದರೆ ಮುಚ್ಚಿದೆ, ಅಷ್ಟೇ ಲೆಕ್ಕ. ಅದನ್ನು ನೋಡಲೆಂದೇ ಮನೆಗೆ ಹೋಗುವ ಮುಂಚೆ ಅಲ್ಲಿ ಕಾರು ನಿಲ್ಲಿಸುತ್ತಿದ್ದೆ.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೆ ಏನಾಗುತ್ತದೋ ಅದೇ ಆಯಿತು. ನಮಾಜು ಮಾಡುವ ಮನುಷ್ಯ, ಹನಿ ಮುಟ್ಟದವನು, ದಿನಾ ಬಾರಿನ ಮುಂದೆ ಇರುತ್ತಾನೆ ಎಂದು ಯಾವ ಅಂಕಲ್ಲೋ ಯಾವ ಆಂಟಿಯೋ ಮನೆಗೆ ಮುಟ್ಟಿಸಿದರು. ನಮ್ಮ ಮನೆಯಲ್ಲಿ ಮಾತು ಉರ್ದು; ಸಿಟ್ಟು ಬಂದಾಗ ಮಾತ್ರ ನನ್ನ ಹೆಂಡತಿ ಮೈಸೂರು ಕನ್ನಡಕ್ಕೆ ಇಳಿಯುತ್ತಾಳೆ.

"ಏನ್ರೀ, ಸಂಜೆಯಾದ್ರೆ ಬಾರ್ ಮುಂದೆ ಪಾರ್ಕ್ ಮಾಡ್ಕೊಂಡಿರ್ತೀರಂತೆ?"

"ಬೋರ್ಡ್ ನೋಡ್ತಾ ಇದ್ದೆ ಕಣೆ."

"ಬೋರ್ಡಾ? ಗ್ಯಾರೇಜ್ ತುಂಬ ಬಿದ್ದಿದಾವಲ್ಲ, ಅಲ್ಲೇ ಚೇರ್ ಹಾಕ್ಕೊಂಡು ನೋಡಿ."

ಮರುದಿನ ಅವಳನ್ನೇ ಕರೆದುಕೊಂಡು ಹೋದೆ. ಕಾರಿನೊಳಗಿನಿಂದ ನೋಡುತ್ತ ಕೂತಳು. ಲಾಂದ್ರ ಹೊತ್ತಿದ ಮೇಲೆ ಅವಳ ಮುಖ ಸಡಿಲವಾಯಿತು. "ನಮ್ಮ ಓಣೀಲಿ ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಪರದೆ ಬಿಟ್ಟು ದೀಪ ಹಾಕ್ತಿದ್ರಲ್ಲ, ಹಂಗಿದೆ," ಎಂದಳು. ಮುದುಕಿ ನಮ್ಮನ್ನು ಕಂಡು ಹೊರಗೆ ಬಂದು ಕರೆದರು. ನಾವು ಕುಡಿಯುವುದಿಲ್ಲ ಎಂದಿದ್ದಕ್ಕೆ ಹಸಿರು ಚಹಾ ಕೊಟ್ಟರು. ಮರದ ಹಲಗೆಯ ಅಕ್ಷರ ಕೊರೆದದ್ದು ತೀರಿಕೊಂಡ ಗಂಡ ಎಂದು ಆವತ್ತೇ ಹೇಳಿದರು.

ಆಮೇಲೆ ಪ್ಲಾಜಾ ಮಾರಾಟವಾಯಿತು. ಕೊಂಡವರು ಧಾರವಾಡದ ಒಬ್ಬ ಡಾಕ್ಟರು, ಒಳ್ಳೆಯ ಮನುಷ್ಯ, ಆದರೆ ಎಲ್ಲವೂ ಆಪರೇಷನ್ ಥಿಯೇಟರಿನ ಹಾಗೆ ಬೆಳಗಬೇಕು. ಎಲ್ಲ ಅಂಗಡಿಗೂ ಒಂದೇ ಅಳತೆಯ ಎಲ್‌ಇಡಿ ಬೋರ್ಡು, ಗೋಡೆಯ ಮೇಲೆ ಬೇರೇನೂ ಇರಕೂಡದು ಎಂದರು. ಕೆಲಸ ನನಗೇ ಕೊಟ್ಟರು. ಇಷ್ಟು ದೊಡ್ಡ ಕೆಲಸ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಮೂಲೆಯ ಬಾರು ನೆನಪಾಗಿ ಸಂತೋಷವೆಲ್ಲ ಇಳಿದುಹೋಯಿತು.

ಸುದ್ದಿ ಹೇಳಲು ಹೋದೆ. ಮುದುಕಿ ರೇಗಲಿಲ್ಲ. "ಲಾಂದ್ರ ಹೊರಗಿಡದೆ ನಾನು ಬಾಗಿಲು ತೆಗೆದವಳಲ್ಲ," ಎಂದರು. "ಅದು ಬೇಡ ಎಂದರೆ ಬಾರು ಮುಚ್ಚುತ್ತೇನೆ." ಹೆದರಿಸಲು ಆಡಿದ ಮಾತಲ್ಲ ಅದು, ದನಿಯಲ್ಲೇ ಗೊತ್ತಾಗುತ್ತಿತ್ತು.

ಡಾಕ್ಟರ ಹತ್ತಿರ ಹೋಗಿ ಆ ಒಂದು ಅಂಗಡಿಯನ್ನು ಬಿಟ್ಟುಬಿಡಿ ಎಂದೆ. ಅವರು ನಕ್ಕರು.

"ಬೋರ್ಡ್ ಮಾಡೋರು ನೀವ, ಬ್ಯಾಡ ಅನ್ನೋರೂ ನೀವ ಅಂದ್ರ ಹ್ಯಾಂಗ್ರೀ? ಆ ಸಣ್ಣ ದೀಪ ಹೈವೇಕ ಕಾಣಸ್ತದೇನು?"

"ಕಾಣಿಸಲ್ಲ ಡಾಕ್ಟ್ರೆ. ಅದೇ ಅದರ ಚೆಂದ."

"ಛಂದ ಇರಬಹುದ್ರೀ. ಒಬ್ಬರಿಗೆ ಬಿಟ್ರ ನಾಳೆ ಎಲ್ಲಾರೂ ಕೇಳ್ತಾರ. ಎಲ್ಲಾರೂ ಒಂದೊಂದು ಎಲ್‌ಇಡಿ ಹಾಕಬೇಕು, ಗ್ವಾಡಿಗೆ ಬ್ಯಾರೆ ಒಂದ ಮೊಳೀನೂ ಇರಬಾರದು. ಅಷ್ಟ ನನ್ನ ರೂಲು."

ಡ್ರೈವ್ ಮಾಡುತ್ತ ಬರುವಾಗ ಅವರ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಗೋಡೆಗೆ ಮೊಳೆ ಇರಬಾರದು. ಆ ಮುದುಕಿ ಎಲ್ಲವನ್ನೂ ದಿನಾ ಹೊರಗೆ ತಂದು ದಿನಾ ಒಳಗೆ ಒಯ್ಯುವವರಲ್ಲವೇ? ಗೋಡೆಯ ಹಂಗು ಯಾಕೆ ಬೇಕು? ಗ್ಯಾರೇಜಿನಲ್ಲಿ ಎಲ್‌ಇಡಿ ಪಕ್ಕಕ್ಕೆ ಸರಿಸಿ ಮರ ಕೊಯ್ಯಲು ಕೂತೆ. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ತನ್ನಷ್ಟಕ್ಕೆ ನಿಲ್ಲುವ ಚೌಕಟ್ಟು. ಲಾಂದ್ರ, ಹಲಗೆ, ನೊರೆನ್ ಮೂರೂ ಅದಕ್ಕೇ ತೂಗಬೇಕು, ಮುದುಕಿಯ ಕೈಗೆ ಹಗುರವಾಗಿರಬೇಕು. ಅಪ್ಪನ ತಗಡುಗಳಿಗೆ ಮರದ ಚೌಕಟ್ಟು ಹೊಡೆಯುತ್ತಿದ್ದ ನಾನು ಅವರು ತೀರಿಕೊಂಡ ಮೇಲೆ ಮರ ಮುಟ್ಟಿರಲಿಲ್ಲ. ಹೆಂಡತಿ ಉಪ್ಪುಕಾಗದ ಹಿಡಿದು ಉಜ್ಜಿಕೊಟ್ಟಳು.

ಪ್ಲಾಜಾದ ಬೋರ್ಡುಗಳನ್ನೆಲ್ಲ ಮೊದಲ ಸಲ ಬೆಳಗಿಸಿದ ಸಂಜೆ ಡಾಕ್ಟರು ಸೂಟು ಹಾಕಿಕೊಂಡು ಬಂದರು. ಸಾಲಾಗಿ ಬೆಳ್ಳಗೆ ಹೊತ್ತಿಕೊಂಡವು, ಮೂಲೆಯದೊಂದು ಬಿಟ್ಟು. ಅದರ ಕೆಳಗೆ ನನ್ನ ಚೌಕಟ್ಟಿನಲ್ಲಿ ಲಾಂದ್ರ ಉರಿಯುತ್ತಿತ್ತು.

"ಇದ್ಯಾಕ ಹತ್ತಿಲ್ರೀ? ಕೆಟ್ಟದೇನು?"

ಏಣಿ ಹಾಕಿ ನೋಡಿದೆ, ವೈರು ಸರಿಯಾಗಿತ್ತು. ಒಳಗೆ ಹೋದರೆ ಸ್ವಿಚ್ಚೇ ಹಾಕಿಲ್ಲ. "ಅದನ್ನು ಹಾಕಿದರೆ ಲಾಂದ್ರ ಹೊತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ," ಎಂದು ಮುದುಕಿ ಮೆಲ್ಲಗೆ ಹೇಳಿದರು. ನಿಜ. ನನ್ನ ಬೋರ್ಡು ಹೊತ್ತಿದರೆ ಅದರ ಬೆಳಕಿನಲ್ಲಿ ಆ ಕೆಂಪು ಮುಳುಗಿಹೋಗುತ್ತಿತ್ತು. ಸ್ವಿಚ್ಚು ನನ್ನ ಕೈಗೆ ಎಟಕುವಂತಿತ್ತು, ಹೊರಗೆ ಡಾಕ್ಟರು ಕಾಯುತ್ತಿದ್ದರು, ಉಳಿದ ಹಣ ಅವರ ಕೈಯಲ್ಲಿತ್ತು. ಕೈ ಮೇಲೇಳಲಿಲ್ಲ.

ಹೊರಗೆ ಬಂದು ಹೇಳಿದೆ: "ಬೋರ್ಡ್ ಕೆಟ್ಟಿಲ್ಲ ಡಾಕ್ಟ್ರೆ. ಅವರು ಹಾಕಿಲ್ಲ. ನಾನೂ ಹಾಕಲ್ಲ. ಗೋಡೇಲಿ ಬೇರೆ ಒಂದು ಮೊಳೆ ಇಲ್ಲ, ಬೇಕಾದ್ರೆ ನೋಡ್ಕೊಳ್ಳಿ."

ಡಾಕ್ಟರು ಗೋಡೆ ನೋಡಿದರು. ಚೌಕಟ್ಟನ್ನು ಬೆರಳಿಂದ ಮುಟ್ಟಿದರು. ಆ ಬಿಳಿಯ ಸಾಲಿನ ಕೊನೆಯಲ್ಲಿ ಕಣ್ಣು ಹೋಗಿ ನಿಲ್ಲುವ ಜಾಗ ಇದೊಂದೇ ಆಗಿತ್ತು. ಯಾರೋ ಗಂಡಹೆಂಡತಿ ತಲೆ ಬಗ್ಗಿಸಿ ನೊರೆನ್ ಅಡಿಯಲ್ಲಿ ಒಳಗೆ ಹೋದರು.

"ಒಳಗ ಏನ್ ಸಿಗತದ್ರೀ?" ಎಂದರು ಡಾಕ್ಟರು.

"ನನಗೆ ಚಹಾ ಕೊಡ್ತಾರೆ."

ಡಾಕ್ಟರು ಎತ್ತರದ ಆಸಾಮಿ. ಸೊಂಟದಿಂದಲೇ ಬಗ್ಗಿ ಒಳಗೆ ಹೋದರು. ನಾನು ಒಂದು ಗಳಿಗೆ ಹೊರಗೇ ನಿಂತು ತಲೆಯೆತ್ತಿದೆ. ಮೇಲೆ ನನ್ನ ಬೋರ್ಡು ಕತ್ತಲಲ್ಲಿತ್ತು. ಇಷ್ಟು ವರ್ಷ ಮಾಡಿದ ಬೋರ್ಡುಗಳಲ್ಲಿ ನಿಂತು ನೋಡಿದ್ದು ಅದೊಂದನ್ನೇ.