ಪಂಪು ಇಳಿಸಿದ ಅಲ್ಲಾಭಕ್ಷ

ಕಲಘಟಗಿ ಕಡೆಯ ಮಾವಿನ ತೋಟಗಳಿಗೆ ಹುಳ ಕೊಲ್ಲುವ ಎಣ್ಣೆ ಹೊಡೆಯುವುದು ಅಲ್ಲಾಭಕ್ಷನ ಕಸುಬು. ಹದಿನೈದು ವರ್ಷ ಪಂಪು ಹೊತ್ತು ಬೆನ್ನು ಕಪ್ಪಿಟ್ಟಿತ್ತು. ಎಷ್ಟು ತೊಳೆದರೂ ಕೈಯ ವಾಸನೆ ಹೋಗುತ್ತಿರಲಿಲ್ಲ.

೧೯೮೫ರಲ್ಲಿ ಶಂಭುಲಿಂಗಪ್ಪನವರ ತೋಟಕ್ಕೆ ತೊಗಟೆ ಕೊರೆಯುವ ದುಂಬಿ ಬಿತ್ತು. ಕಾಂಡದ ತುಂಬ ಸೂಜಿ ಚುಚ್ಚಿದಂಥ ತೂತು, ತೂತಿನ ಬಾಯಲ್ಲಿ ಹಿಟ್ಟಿನಂಥ ಪುಡಿ. ಹದಿನೈದು ದಿನಕ್ಕೊಮ್ಮೆ ಎಣ್ಣೆ ಹೊಡೆದರೂ ಟೊಂಗೆಗಳು ಒಣಗುತ್ತಲೇ ಹೋದವು. ಏಳನೆಯ ಸಲ ಬಂದಾಗ ಅಲ್ಲಾಭಕ್ಷ ಸುಮ್ಮನೆ ಕುಡುಗೋಲಿನಿಂದ ಒಂದಿಷ್ಟು ತೊಗಟೆ ಎಬ್ಬಿಸಿ ನೋಡಿದ. ಒಳಗೆ ದುಂಬಿಗಳು ಆರಾಮಾಗಿ ಓಡಾಡುತ್ತಿದ್ದವು. ಅವನು ಪಂಪು ಕೆಳಗಿಳಿಸಿದ.

"ಸಾವ್ಕಾರ್ರ, ನಾ ಹೊಡಿಯೂದು ತೊಗಟಿ ಮ್ಯಾಲ, ಇವು ಇರೂದು ಒಳಗ. ಒಣಗಿದ ಟೊಂಗಿ ಕೊಯ್ದು ಸುಡೂಣ್ರಿ."

"ಎಣ್ಣಿ ಹೊಡಿಯೂದು ಬಿಟ್ರ ನಿನ್ನ ಹೊಟ್ಟಿ ಪಾಡೇನೋ?"

"ಗರಗಸ ಹಿಡಿತೀನ್ರಿ," ಎಂದ. ಆದರೆ ಪಂಪು ಬಿಟ್ಟರೆ ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

ಶಂಭುಲಿಂಗಪ್ಪನವರು ಒಪ್ಪಿದ ಮೇಲೆ ನಾಲ್ಕು ದಿನ ಟೊಂಗೆ ಕೊಯ್ದ. ಸುಡಲು ಹೊರಟಾಗ ಶಂಭುಲಿಂಗಪ್ಪನವರ ತಾಯಿ ಅನ್ನವ್ವ ಅಡ್ಡ ಬಂದರು.

"ಇಷ್ಟು ಕಟ್ಟಿಗಿ ಬಯಲಾಗ ಸುಡ್ತಿ? ಮಳಿಗಾಲಕ್ಕ ಒಲಿಯಾಗ ನಿನ್ನ ಕಾಲು ಇಡ್ಲೇನು?"

ಕಟ್ಟಿಗೆಯ ಬೆಲೆ ಅವನಿಗೂ ಗೊತ್ತಿತ್ತು. ಅವನ ಹೆಂಡತಿ ಶರೀಫಾಬಿ ಒಂದು ಹೊರೆ ಕಟ್ಟಿಗೆಗೆ ಎರಡು ಮೈಲಿ ನಡೆಯುತ್ತಿದ್ದಳು. ಎಲ್ಲವನ್ನೂ ತೋಟದ ಮನೆಯ ಗೋಡೆಗೆ ಒಟ್ಟಿಕೊಟ್ಟ.

ಎರಡು ವಾರದಲ್ಲಿ ಆ ಗೋಡೆಯ ಬಾಜುವಿನ ಗಟ್ಟಿ ಮರಗಳಲ್ಲೂ ಹೊಸ ಪುಡಿ ಕಾಣಿಸಿತು. ಅಲ್ಲಾಭಕ್ಷ ಒಟ್ಟಿದ ಕಟ್ಟಿಗೆಯಿಂದ ಒಂದು ತುಂಡು ತಂದು ಅನ್ನವ್ವನ ಮೊರದ ಮೇಲೆ ಕುಟ್ಟಿದ. ಸಾಸಿವೆ ಸುರಿದಂತೆ ದುಂಬಿಗಳು ಉದುರಿ ಹರಿದಾಡತೊಡಗಿದವು. ಮುದುಕಿ ಮೊರದ ಮೇಲೆ ಬಗ್ಗಿ ನೋಡಿದರು.

"ಅಯ್ಯ ಶಿವನ, ನಾನೇ ಇವನ್ನ ಮನ್ಯಾಗ ಸಾಕೀನಲ್ಲೋ! ಒಯ್ಯಿ, ಎಲ್ಲಾ ಒಯ್ಯಿ."

ಬೆಂಕಿಯನ್ನು ಅವರೇ ಹಚ್ಚಿದರು.

ಆ ವರ್ಷ ಒಂಬತ್ತು ಮರ ಹೋದವು. ಮುಂದಿನ ವರ್ಷದಿಂದ ಮಾವು ಇಳಿಸಿದ ಕೂಡಲೇ ಒಣ ಟೊಂಗೆ ಕೊಯ್ದು ಅಂದೇ ಸುಡುವ ಪದ್ಧತಿಯಾಯಿತು; ಎಣ್ಣೆ, ಬೇಕೆನಿಸಿದರೆ ಕಾಂಡಕ್ಕಷ್ಟೇ, ವರ್ಷಕ್ಕೊಮ್ಮೆ. ಆಮೇಲೆ ಸತ್ತದ್ದು ಒಂದೇ ಮರ. ಅವನು ಇದನ್ನೇ ಹೇಳಿದಾಗ ಕೆಲವು ತೋಟದವರು ನಕ್ಕು ಬೇರೆ ಪಂಪಿನವನನ್ನು ಹುಡುಕಿಕೊಂಡರು; ಅಲ್ಲಾಭಕ್ಷನಿಗೆ ಕೆಲಸದ ದಿನಗಳು ಮೊದಲಿಗಿಂತ ಕಡಿಮೆಯಾದದ್ದೂ ನಿಜ. ಸುಗ್ಗಿಯಲ್ಲಿ ಕೂಲಿಗೆ ಹೋಗಿ ಸರಿದೂಗಿಸಿಕೊಂಡ.

ಶಂಭುಲಿಂಗಪ್ಪನವರ ತೋಟದಲ್ಲಿ ಮಾತ್ರ ಪ್ರತಿ ವರ್ಷ ಅನ್ನವ್ವ ಕೋಲೂರಿಕೊಂಡು ಅವನ ಮುಂದೆ ಮರಗಳ ಸಾಲಿನುದ್ದಕ್ಕೂ ನಡೆಯುತ್ತಿದ್ದರು. "ಮ್ಯಾಲ ನೋಡೋ, ಅಲ್ಲೊಂದು ಒಣಗೇತಿ," ಎಂದು ತೋರಿಸಿದರೆ, "ಹೌದ್ರಿ ಅವ್ವಾರ," ಎಂದು ಅವನು ಗರಗಸ ಹೆಗಲಿಗೇರಿಸಿ ಮರ ಹತ್ತುತ್ತಿದ್ದ.