ಬಾಗಿಲ ಕಡೆಗೆ ವಾಲಿದ ಚಿತ್ರ

ಗೋಡೆಯ ಮೇಲಿನ ಚಿತ್ರವೊಂದು ಮನೆಗೆ ಬಂದವರನ್ನು ಎಬ್ಬಿಸಿ ಕಳಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ, ಆಗ ನಾನು ಬೇಳೆ ಆರಿಸುತ್ತಲೇ ನಕ್ಕುಬಿಡುತ್ತಿದ್ದೆ. ನೀವೂ ನಗಬಹುದು, ನನಗೇನೂ ಬೇಸರವಿಲ್ಲ.

ಅರವತ್ತರ ದಶಕದ ಮೊದಲಲ್ಲಿ ನಮ್ಮ ಯಜಮಾನರು ಚಿಕ್ಕಬಳ್ಳಾಪುರದಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ಬೇಸಿಗೆ ರಜೆಯಲ್ಲಿ ಕಳವಾರದ ಬೆಟ್ಟವನ್ನು ದೊಡ್ಡದಾಗಿ ಬರೆದರು. ಬೆಟ್ಟದ ಇಳಿಜಾರು, ರಾಗಿ ತೆನೆ, ಒಲೆಯ ಹೊಗೆ, ಹೆಂಗಸಿನ ಸೆರಗು, ಎತ್ತಿನ ಮೂತಿ, ಹಾರುವ ಕಾಗೆ, ಎಲ್ಲವೂ ಬಲಕ್ಕೆ. ಕಾಗೆಯನ್ನಾದರೂ ಎಡಕ್ಕೆ ಹಾರಿಸಿ ಎಂದೆ.

"ಎಲ್ಲಾ ಒಂದೇ ದಿಕ್ಕಿಗೆ ಹೋದ್ರೇನೇ ಚಿತ್ರಕ್ಕೆ ಹೊಂದಿಕೆ ಕಣೇ. ನೋಡೋರ ಕಣ್ಣು ತಾನಾಗೇ ಆ ಕಡೆ ಹೋಗುತ್ತೆ," ಎಂದರು. ನಡುಮನೆಯಲ್ಲಿ ತೂಗುಹಾಕಿದರು. ಅದರ ಬಲಕ್ಕೆ ಬೀದಿ ಬಾಗಿಲು.

ಅಂದಿನಿಂದ ಬಂದವರೆಲ್ಲ ಕಾಫಿ ಮುಗಿಯುವ ಮೊದಲೇ ಏಳತೊಡಗಿದರು. ಸಕ್ಕರೆ ಉಳಿಯಿತೆಂದು ನಮ್ಮತ್ತೆಗೆ ಖುಷಿ. ಆದರೆ ನಾದಿನಿ ನಾಗರತ್ನಳನ್ನು ನೋಡಲು ಗೌರಿಬಿದನೂರಿನಿಂದ ಬಂದವರು ಹುಡುಗಿ ಹೊರಗೆ ಬರುವ ಮೊದಲೇ ಎದ್ದುಹೋದರು. ಚಿಂತಾಮಣಿಯವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟರು. ಹುಡುಗಿಯಲ್ಲೇ ಏನೋ ಐಬಿದೆ ಎಂದು ಬೀದಿಯಲ್ಲಿ ಮಾತು ಹುಟ್ಟಿತು. ಪಾಪ, ಅವಳು ನೀರಿಗೆ ಹೋಗುವುದನ್ನೇ ಬಿಟ್ಟಳು.

ಶಿಡ್ಲಘಟ್ಟದವರು ಬರುವ ದಿನ, "ಏನ್ರೀ, ಆ ಚಿತ್ರ ತೆಗೀರಿ," ಎಂದೆ.

"ಕಣ್ಣು ಹೋಗುತ್ತೆ ಅಂದೆ. ಕಾಲು ಹೋಗುತ್ತೆ ಅಂದ್ನಾ?" ಎಂದು ಸಿಡುಕಿ ಸ್ನಾನಕ್ಕೆ ಹೋದರು. ಅಷ್ಟರಲ್ಲಿ ನಾನು ಅದನ್ನು ಎದುರು ಗೋಡೆಗೆ ಹಾಕಿದೆ. ಅಲ್ಲಿ ಅದರ ಬಲಕ್ಕೆ ಅಡುಗೆಮನೆ.

ಹುಡುಗನ ತಾತನಿಗೆ ಎರಡು ಕಣ್ಣಿಗೂ ಪೊರೆ, ಕೈಹಿಡಿದು ಕರೆತಂದಿದ್ದರು. ಬಂದವರು ಹುಡುಗಿಯನ್ನು ನೋಡಿದರು, ಒಪ್ಪಿದರು, ಊಟ ಮಾಡಿದರು, ಮಾತಾಡುತ್ತ ಮಾತಾಡುತ್ತ ಚಾಪೆಯನ್ನೇ ಅಡುಗೆಮನೆಯ ಕಡೆಗೆ ಎಳೆದುಕೊಂಡರು. ತಾತನಂತೂ ಯಾರ ಕೈಯನ್ನೂ ಹಿಡಿಯದೆ ನೇರ ಒಳಗೆ ನಡೆದು ಒರಳುಕಲ್ಲಿನ ಪಕ್ಕ ಕೂತು, "ಇಲ್ಲೇ ಚೆನ್ನಾಗೈತೆ ಕಣಮ್ಮ," ಎಂದರು.

ಸಂಜೆಯಾದರೂ ಯಾರೂ ಏಳಲಿಲ್ಲ. ರಾತ್ರಿಗೂ ಅನ್ನಕ್ಕಿಡಬೇಕೇ ಎಂದು ಅತ್ತೆ ಕಣ್ಣಲ್ಲೇ ಕೇಳಿದರು. ಧೂಳು ಒರೆಸುವ ನೆವದಲ್ಲಿ ಚಿತ್ರವನ್ನು ಇಳಿಸಿ ಮೊದಲಿನ ಗೋಡೆಗೆ ಹಾಕಿದೆ. ಎಲ್ಲರೂ ಒಟ್ಟಿಗೇ ಎದ್ದರು, ಬಸ್ಸಿನ ನೆನಪಾಯಿತಂತೆ.

ಹೊಸಿಲ ಹತ್ತಿರ ತಾತ ನಿಂತರು. "ಇಷ್ಟೊತ್ತೂ ಗಾಳಿ ಒಳಕ್ಕೆ ಬೀಸ್ತಿತ್ತಲ್ಲಮ್ಮ. ಈಗ್ಯಾಕೆ ಆಚೆಗೆ ತಿರುಗ್ತು?"

ಎದುರಿನ ಹೊಂಗೆ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ನಾನು ಯಜಮಾನರ ಮುಖ ನೋಡಿದೆ. ಅವರು ಚಿತ್ರದ ಕಾಗೆಯನ್ನೇ ನೋಡುತ್ತಿದ್ದರು.

ಚಿತ್ರ ಈಗ ಅಟ್ಟದ ಮೇಲಿದೆ. ನಾಗರತ್ನ ತವರಿಗೆ ಬಂದಾಗ ಮಾತ್ರ ಕೆಳಗಿಳಿಸಿ, ಅಡುಗೆಮನೆಯ ಕಡೆಗೆ ವಾಲುವಂತೆ ಹಾಕುತ್ತೇನೆ.