ಕರಡಿಗೆ ಆಚಾರಿಯ ಅಡಿಗಲ್ಲು

1956ನೇ ಇಸವಿ ಮಾರ್ಚ್ ಒಂಬತ್ತು, ಶುಕ್ರವಾರ, ಮಧ್ಯಾಹ್ನ ಎರಡೂ ಕಾಲು ಗಂಟೆ. ಗುಂಡ್ಲುಪೇಟೆಯ ಊಟಿ ರಸ್ತೆಯ ಮಗ್ಗುಲಲ್ಲಿದ್ದ ತನ್ನ ಮನೆಯ ಜಗಲಿಯ ಮೇಲೆ ಗುಲಾಮ್ ಮೊಹಿದ್ದೀನ್ ಗಾಜಿನ ಬೀರು ತೆರೆದುಕೊಂಡು, ಹನ್ನೊಂದನೆಯ ಅಡಿಗಲ್ಲಿಗೆ ಹರಳೆಣ್ಣೆ ಸವರುತ್ತಿದ್ದ. ಜುಮ್ಮಾ ನಮಾಜು ಮುಗಿಸಿ, ಉಂಡು, ವಾರಕ್ಕೊಮ್ಮೆ ತಪ್ಪದೆ ಮಾಡುತ್ತಿದ್ದ ಕೆಲಸ ಅದು.

ಅವನ ಕಸುಬು ಎತ್ತುಗಳಿಗೂ ಜಟಕಾ ಕುದುರೆಗಳಿಗೂ ಲಾಳ ಕಟ್ಟುವುದು. ಕಾದ ಕಬ್ಬಿಣವನ್ನಿಟ್ಟು ಬಡಿಯುವ ದೊಡ್ಡ ಅಡಿಗಲ್ಲು ಅಂಗಳದ ಬೇವಿನ ಕೆಳಗಿತ್ತು. ಬೀರುವಿನಲ್ಲಿದ್ದವು ಬೇರೆ, ಹೆಸರಿಗೆ ಕಲ್ಲಾದರೂ ಉಕ್ಕಿನ ಪುಟ್ಟ ಅಡಿಗಲ್ಲುಗಳು. ಒಂದೊಂದೂ ಅಂಗೈಯಲ್ಲಿ ಹಿಡಿಸುವಷ್ಟೇ. ಗಡಿಯಾರ ರಿಪೇರಿಯವನದು ಮೂರು ತೊಲ ತೂಗುತ್ತಿತ್ತು. ಹತ್ತಿರದ ಮದ್ದೂರು ಕಾಡಿನ ಮರದ ಕ್ಯಾಂಪಿನಲ್ಲಿ ಆನೆ ಸರಪಳಿ ಬೆಸೆಯುತ್ತಿದ್ದ ಕಮ್ಮಾರನದು, ಕೊಂಡಿಯ ಮೊಳೆ ತಟ್ಟುವ ಸಣ್ಣದು, ಮೂರೂವರೆ ಇಂಚು ಉದ್ದ. ಅವನು ಕೆಲಸ ಬಿಟ್ಟು ಕೇರಳದ ಕಡೆ ಹೊರಟಾಗ ಇದನ್ನು ಜಗಲಿಯ ಮೇಲಿಟ್ಟು ಹೋಗಿದ್ದ. ಹದಿನೆಂಟು ವರ್ಷಗಳಲ್ಲಿ ಹೀಗೆ ಹದಿನೇಳು ಸೇರಿದ್ದವು. ಮೊಹಿದ್ದೀನ್ ಒಂದನ್ನೂ ಕೇಳಿ ಪಡೆದವನಲ್ಲ. ಕಸುಬು ನಿಲ್ಲಿಸಿದವರು ಗುಜರಿಗೆ ಹಾಕಲು ಮನಸ್ಸು ಬಾರದೆ ತಾವೇ ತಂದು ಕೊಡುತ್ತಿದ್ದರು. ಅವನು ಮೂರು ಮೆಟ್ಟಿಲಿನ ಹಲಗೆಯ ಮೇಲೆ ಜೋಡಿಸಿ, ಕೆಳಗೆ ಅವರ ಹೆಸರಿನ ಚೀಟಿ ಅಂಟಿಸುತ್ತಿದ್ದ.

ಎತ್ತಿಗೆ ಲಾಳ ಕಟ್ಟಿಸಲು ಬಂದಿದ್ದ ಹರವೆಯ ಚಿಕ್ಕಮಲ್ಲಪ್ಪ ಅಂದೂ ಕೆಣಕಿದ. "ಏನ್ ಸಾಬ್ರೆ, ದಸರಾ ಮುಗ್ದು ಐದ್ ತಿಂಗ್ಳಾಯ್ತು. ಇನ್ನೂ ಗೊಂಬೆ ಎತ್ತಿಲ್ವಲ್ಲ?"

"ಇವು ಗಂಡಸ್ರ ಗೊಂಬೆ ಕಣಪ್ಪ, ವರ್ಸೆಲ್ಲಾ ಕೂತಿರ್ತವೆ. ನೀ ಎತ್ನ ಕಟ್ಟಾಕಿ ಆ ನೆಳ್ಳಲ್ಲಿ ಕೂತ್ಕೊ, ಬತ್ತೀನಿ."

ಅಷ್ಟರಲ್ಲಿ ಚಾಮರಾಜನಗರದ ಬಸ್ಸಿಳಿದು ಬಂದವನೊಬ್ಬ ಜಗಲಿಯ ಮುಂದೆ ನಿಂತ. ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜಿನ ಕನ್ನಡಕ. ಮೊಹಿದ್ದೀನನ ಮುಖವನ್ನು ಹತ್ತಿರದಿಂದ ನೋಡಿ ನಕ್ಕ. "ಅಯ್ಯೋ ಸಾಬ್ರೆ, ಗಡ್ಡ ಇಷ್ಟ್ ಬೆಳ್ಳಗಾಗೋಗದಾ? ನಾ ಇನ್ನೂ ಕಪ್ಗದೆ ಅಂತ್ಲೇ ಇದ್ದೆ!"

ದನಿಯಿಂದಲೇ ಗೊತ್ತಾಯಿತು, ನಂಜುಂಡಾಚಾರಿ. ಲಿಂಗವಂತರು ಇಷ್ಟಲಿಂಗವನ್ನಿಟ್ಟು ಕೊರಳಿಗೆ ಧರಿಸುವ ಬೆಳ್ಳಿಯ ಕರಡಿಗೆ ಮಾಡುವುದರಲ್ಲಿ ಅವನದು ಆ ಸೀಮೆಯಲ್ಲೇ ಹೆಸರಾದ ಕೈ. ಐದು ವರ್ಷದ ಹಿಂದೆ ಎರಡೂ ಕಣ್ಣಿಗೆ ಪೊರೆ ಮುಚ್ಚಿ, ಹೆಂಡತಿಯ ಭುಜ ಹಿಡಿದುಕೊಂಡು ಬಂದು ತನ್ನ ಅಡಿಗಲ್ಲನ್ನು ಕೊಟ್ಟುಹೋಗಿದ್ದ. ಕಳೆದ ತಿಂಗಳು ಮೈಸೂರಿನಲ್ಲಿ ಪೊರೆ ತೆಗೆದಿದ್ದರು.

"ಉಡಿಗಾಲದ ಪುಟ್ಟಬಸಪ್ಪನೋರು ಮೊಮ್ಮಗನ ದೀಕ್ಷೆಗೆ ಕರಡಿಗೆ ಕೇಳವ್ರೆ. ಆರು ವಾರ ಅದೆ. ನನ್ ಕಲ್ಲು ಕೊಟ್ಬುಡಿ ಸಾಬ್ರೆ, ಕುಲುಮೆ ಹಚ್ತೀನಿ."

ಬೀರುವಿಗೆ ಬಂದದ್ದು ಮತ್ತೆ ಕೆಲಸಕ್ಕೆ ಹೊರಡುವುದು ಅದೇ ಮೊದಲು. ಮೊಹಿದ್ದೀನ್ ನಗುತ್ತ ಎದ್ದ. ನಡುಮೆಟ್ಟಿಲಿನಿಂದ ಅದನ್ನು ತೆಗೆದು, ತನ್ನ ಹೆಗಲ ವಸ್ತ್ರದಿಂದಲೇ ಒರೆಸಿ ಕೊಟ್ಟ.

ಆಚಾರಿ ಕಣ್ಣಿನಿಂದ ನೋಡಲಿಲ್ಲ. ಹೆಬ್ಬೆರಳನ್ನು ಕಲ್ಲಿನ ಮುಖದ ಮೇಲಿಟ್ಟ. ಬೆರಳು ಆ ತುದಿಗೆ ಹೋಗಿ ಈ ತುದಿಗೆ ಬಂತು.

"ಇದಲ್ಲ. ಬೇರೇದು ಕೊಟ್ರಿ."

"ನಿಮ್ದೇ ಕಣ ಆಚಾರ್ರೆ. ಚೀಟಿ ನೋಡಿ, ಈಗ ಕಣ್ಣದೆಯಲ್ಲ."

"ಕುಳಿ ಎಲ್ಲಿ?"

"ಅದಾ? ಮೂರ್ ದಿನ ಕೂತು ಅರ ಹಾಕಿ ಉಜ್ದೆ. ಈಗ ನೋಡಿ, ನೀರ್ ಬುಟ್ರೆ ಯಾವ್ ಕಡೀಕೂ ಹರಿಯಾಕಿಲ್ಲ. ಕನ್ನಡಿ…" ಎನ್ನುತ್ತಿದ್ದವನು ಆಚಾರಿಯ ಮುಖ ಕಂಡು ಅಲ್ಲಿಗೇ ನಿಲ್ಲಿಸಿದ.

ಲಾಳ ಕಟ್ಟುವವನ ಲೆಕ್ಕದಲ್ಲಿ ಅಡಿಗಲ್ಲಿನ ಮುಖ ಮಟ್ಟಸವಾಗಿರಲೇಬೇಕು. ಕೂದಲೆಳೆಯಷ್ಟು ತಗ್ಗಿದ್ದರೂ ಲಾಳ ಅಲುಗುತ್ತದೆ, ಎತ್ತು ಕುಂಟುತ್ತದೆ, ಊರವರು ಕಟ್ಟಿದವನನ್ನು ಬೈಯುತ್ತಾರೆ. ಕುಳಿಬಿದ್ದ ಕಲ್ಲನ್ನು ಹಾಗೇ ಜನರ ಮುಂದಿಡುವುದೆಂದರೆ ಅದರ ಯಜಮಾನನನ್ನು ಹರಕು ಅಂಗಿಯಲ್ಲಿ ನಿಲ್ಲಿಸಿದ ಹಾಗೆ ಎಂದು ಮೊಹಿದ್ದೀನ್ ತಿಳಿದಿದ್ದ. ಆದ್ದರಿಂದ ಬಂದ ಪ್ರತಿಯೊಂದರ ಮುಖವನ್ನೂ ತಿದ್ದಿ, ಮೆರುಗು ಕೊಟ್ಟು ಇಡುತ್ತಿದ್ದ. ಆಚಾರಿಯ ಕಲ್ಲಿನ ನಡುವೆ ಎರಡು ಬೆರಳಗಲದ ಕುಳಿಯಿತ್ತು. ಬೆಳ್ಳಿಯ ತಗಡನ್ನು ಅದರಲ್ಲಿಟ್ಟು ತಟ್ಟಿದರೆ ಕರಡಿಗೆಯ ಹೊಟ್ಟೆಗೂ ಮುಚ್ಚಳಕ್ಕೂ ಒಂದೇ ಬಾಗು ಬರುತ್ತಿತ್ತು. ಎರಡೂ ಕೂಡಿದಾಗ ಸದ್ದಾಗುತ್ತಿರಲಿಲ್ಲ. ಆಚಾರಿಯ ಹೆಸರು ನಿಂತದ್ದೇ ಆ ಸದ್ದಿಲ್ಲದ ಮುಚ್ಚಳದ ಮೇಲೆ.

ಬೇವಿನ ನೆರಳಿನಿಂದ ಎದ್ದುಬಂದಿದ್ದ ಚಿಕ್ಕಮಲ್ಲಪ್ಪ ಮತ್ತೆ ಎತ್ತಿನ ಬಳಿಗೆ ಹೋದ. ಆಚಾರಿ ನೀರು ಕೇಳಿ ಕುಡಿದ. "ನಂದೂ ತಪ್ಪದೆ ಬುಡಿ. ಕಲ್ಲು ಕೊಟ್ಟೆ, ಕುಳಿ ಮುಟ್ಬ್ಯಾಡಿ ಅನ್ನಾದ ಮರ್ತೆ. ಎಲ್ರಿಗೂ ಗೊತ್ತಿರ್ತದೆ ಅಂದ್ಕೊಂಡೆ."

"ಆರು ವಾರ ಅದೆಯಲ್ಲ," ಎಂದ ಮೊಹಿದ್ದೀನ್. "ನಾನೇ ಮಾಡ್ಕೊಡ್ತೀನಿ."

ಮುಂದಿನ ಐದು ಶುಕ್ರವಾರ ಆಚಾರಿ ಬಸ್ಸಿನಲ್ಲಿ ಬಂದ. ಮೊಹಿದ್ದೀನ್ ಉಳಿಯಿಂದ ಕುಳಿ ತೋಡಿದ, ದುಂಡು ಅರದಿಂದ ಉಜ್ಜಿದ, ಮರಳು ಹಾಕಿ ತೇದ. ಆಚಾರಿ ತಾಮ್ರದ ತಗಡಿಟ್ಟು ತಟ್ಟಿ ನೋಡುತ್ತಿದ್ದ. ಮೊದಲ ಸಲ ಮುಚ್ಚಳ ಕೂರಲೇ ಇಲ್ಲ. ಮೂರನೆಯ ಸಲ ಒಂದು ಮಗ್ಗುಲಲ್ಲಿ ಉಗುರು ತೂರುವಷ್ಟು ಸಂದು. ಐದನೆಯ ಸಲ ಸಂದು ಕಾಣಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಚಾರಿ ಮುಚ್ಚಳವನ್ನು ಕಿವಿಯ ಹತ್ತಿರ ಹಿಡಿದು ಒತ್ತಿದ. ಟಕ್ ಎಂದಿತು.

"ಇನ್ನೊಂದ್ ಸಲ ತೇಯ್ಲಾ?"

"ಬ್ಯಾಡಿ ಸಾಬ್ರೆ. ಆ ಕುಳೀನ ಯಾರೂ ತೋಡಿರ್ನಿಲ್ಲ. ನಮ್ಮಪ್ಪ ತಟ್ದ, ನಾ ತಟ್ದೆ, ಅದ್ರ ಪಾಡ್ಗೆ ಅದು ಆಯ್ತು. ತೋಡುದ್ರೆ ಬರಾದಲ್ಲ ಅದು."

ಪುಟ್ಟಬಸಪ್ಪ ಮೈಸೂರಿನಿಂದ ಅಚ್ಚಿನಲ್ಲಿ ಒತ್ತಿದ ಕರಡಿಗೆ ತರಿಸಿದ. ದೀಕ್ಷೆ ನಡೆಯಿತು. ಆಚಾರಿಯನ್ನೂ ಕರೆದಿದ್ದರು. ಅವನು ಹೋಗಿ ಉಂಡು ಬಂದನಂತೆ. ಬೇರೆ ಯಾವ ಕಲ್ಲಿನ ಮೇಲೂ ಅವನ ಕೈ ಕೂರಲಿಲ್ಲ. ಕಾಲುಂಗುರ ಬೆಸೆಯುವುದು, ಕೊಂಡಿ ಹಾಕುವುದು, ಅಷ್ಟನ್ನೇ ಮಾಡಿಕೊಂಡಿದ್ದ. ಮರಳಿ ಬಂದ ಕಣ್ಣಿಗೆ ತಕ್ಕ ಕೆಲಸ ಕೊನೆಗೂ ಸಿಗಲಿಲ್ಲ. ಕಲ್ಲನ್ನು ಮಾತ್ರ ಮೊಹಿದ್ದೀನನಲ್ಲೇ ಬಿಟ್ಟ.

ಮೊಹಿದ್ದೀನ್ ಅದನ್ನು ಬೀರುವಿಗೆ ಸೇರಿಸಲಿಲ್ಲ. ಮುಂದಿನ ವರ್ಷ ಕತ್ತರಿ ಸಾಣೆಯವನೊಬ್ಬ ತನ್ನದನ್ನು ತಂದಾಗ, "ಮನೇಲೇ ಇಟ್ಕೊಳ್ಳಪ್ಪ, ನನ್ ಕೈಗೆ ಕೊಡ್ಬ್ಯಾಡ" ಎಂದು ಕಳಿಸಿಬಿಟ್ಟ. ಬಸ್ಸುಗಳು ಹೆಚ್ಚಾಗಿ ಜಟಕಾಗಳು ಕಡಿಮೆಯಾದವು. ಅವನು ತಾನು ತೋಡಿದ್ದ ಕುಳಿ ಹೋಗುವಂತೆ ಆಚಾರಿಯ ಕಲ್ಲಿನ ಮುಖವನ್ನು ಒಮ್ಮೆ ಉಜ್ಜಿ ಮಟ್ಟ ಮಾಡಿದ. ಆಮೇಲೆ ದಿನವೂ ಬಿಡುವಾದಾಗ ತಾಮ್ರದ ತಗಡನ್ನಿಟ್ಟು, ಆಚಾರಿ ತೋರಿಸಿದ್ದ ಹದದಲ್ಲೇ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಕೂರುತ್ತಿದ್ದ. ದಿನಕ್ಕೆ ಮುನ್ನೂರು ಪೆಟ್ಟು. ಹೆಚ್ಚಿಲ್ಲ, ಕಡಿಮೆಯಿಲ್ಲ.

1958ರ ಆಷಾಢದ ಒಂದು ಮಧ್ಯಾಹ್ನ ಹೆಂಡತಿ ಕರೀಮುನ್ನೀಸಾ ಚಹಾ ತಂದಿಟ್ಟು, ಹೀಗೆ ತಟ್ಟಿದರೆ ಆ ಕುಳಿ ಬರಲು ಎಷ್ಟು ಕಾಲ ಬೇಕು ಎಂದು ಕೇಳಿದಳು. ಆಚಾರಿಯ ಅಪ್ಪ ಕೂತ ವರ್ಷಗಳನ್ನೂ ಆಚಾರಿ ಕೂತ ವರ್ಷಗಳನ್ನೂ ಅವನು ಯಾವಾಗಲೋ ಕೂಡಿಸಿಟ್ಟುಕೊಂಡಿದ್ದ. ಸುತ್ತಿಗೆ ನಿಲ್ಲಿಸದೆ, ತಲೆ ಎತ್ತದೆ, ಅದೊಂದೇ ಸಲ ಬಾಯಿಬಿಟ್ಟು ಹೇಳಿದ: "ಅರವತ್ತೆಂಟು ವರ್ಷ."